ಅರ್ಧ ತುಂಬಲಾಗದ ಕೊಂಬು

ಶಲಾವುರಿ, ಕಾಖೇತಿ
ಆಗಸ್ಟ್ ೩೦, ಶುಕ್ರವಾರ

ಮಗ ಝಾಝಾನಿಗೆ,

ಆರೋಗ್ಯವಾಗಿದ್ದೀಯಾ? ಬೆನ್ನು ಹೇಗಿದೆ? ಬಂದರಿನಲ್ಲಿ ಪೆಟ್ಟಿಗೆ ಎತ್ತುತ್ತೀಯಂತೆ. ಭಾರ ಎತ್ತುವಾಗ ಮಂಡಿ ಬಗ್ಗಿಸಬೇಕು, ಸೊಂಟ ಬಗ್ಗಿಸಬಾರದು ಎಂದು ನಿಮ್ಮ ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನೀನು ಆಗಲೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ ಎಂದು ನನ್ನ ಸೊಸೆ ಎಲಿಸೊ ಹೇಳಿದಳು. ಅವಳ ರಕ್ತದೊತ್ತಡ ಇಳಿದಿದೆಯೇ? ನಿಮ್ಮ ಆ ಬಾರಿ ಊರಿನಲ್ಲಿ ಈಗ ಬಿಸಿಲು ಜಾಸ್ತಿಯಂತೆ, ಮಧ್ಯಾಹ್ನ ಅವಳನ್ನು ಹೊರಗೆ ಕಳಿಸಬೇಡ. ಅವಳು ನೋಡಿಕೊಳ್ಳುವ ಆ ಇಟಲಿಯ ಮುದುಕಿಗೆ ತಣ್ಣಗಿನ ಹೊತ್ತಿನಲ್ಲಿ ವಾಕಿಂಗ್ ಹೋಗುವ ಬುದ್ಧಿ ಬರಲಿ. ಇಟಲಿಗೆ ಜನ, ಸಾಮಾನು ಸಾಗಿಸುವ ಗೆಲಾನ ವ್ಯಾನಿನಲ್ಲಿ ಎರಡು ಗಟ್ಟಿ ಚೀಸ್, ಹುಳಿ ಪ್ಲಮ್ ಗೊಜ್ಜಿನ ಮೂರು ಬಾಟಲಿ, ಒಂದು ಡಬ್ಬಿ ಖಾರ ಕಳಿಸುತ್ತಿದ್ದೇನೆ. ದ್ರಾಕ್ಷಿ ರಸದಲ್ಲಿ ಅದ್ದಿದ ಆಕ್ರೋಟ್ ಸರಗಳು ಹೋದ ವರ್ಷದವು. ಹೊಸ ದ್ರಾಕ್ಷಿ ಇನ್ನೂ ಹುಳಿ. ಟರ್ಕಿ, ಗ್ರೀಸ್, ಆಮೇಲೆ ಹಡಗು, ಇಷ್ಟು ದಾಟಿ ಬರುವಷ್ಟರಲ್ಲಿ ಚೀಸ್ ಬೆವರಿರುತ್ತದೆ. ಉಪ್ಪು ನೀರಿನಲ್ಲಿ ಒಂದು ರಾತ್ರಿ ಇಡಿ.

ಮೂರು ವರ್ಷವಾಯಿತು ನಾನು ನಿನಗೆ ಕಾಗದ ಬರೆದು. ಎಲಿಸೊ ಜೊತೆ ಫೋನಿನಲ್ಲಿ ಮಾತಾಡುವಾಗ ಹಿಂದೆ ನೀನು ಕೆಮ್ಮುವುದು ಕೇಳಿಸುತ್ತದೆ. ಕೇಳಿಸದವಳ ಹಾಗೆ ಇರುತ್ತೇನೆ. ಫೋನಿನೊಳಗಿನ ಕ್ಯಾಸಿನೊದಲ್ಲಿ ಟ್ರ್ಯಾಕ್ಟರ್ ಕಳೆದುಕೊಂಡು ನೀನು ಅಂಗಳದಲ್ಲಿ ಬಂದು ನಿಂತ ದಿನ ನಾನು ಎಲ್ಲರೆದುರು ಹೇಳಿದ ಮಾತು ನಿನಗೆ ನೆನಪಿದೆ, ಊರಿಗೂ ನೆನಪಿದೆ. ನಾನಾಗಿ ಕರೆಯುವವರೆಗೂ ನೀನು ಈ ಮೇಜಿಗೆ ಕೂರಬಾರದು ಎಂದೆ. ನಿಮ್ಮ ಅಪ್ಪನಿಂದ ನಿನಗೆ ಬಂದ ಬೆಳ್ಳಿ ಕಟ್ಟಿನ ಕೊಂಬನ್ನು, ಪ್ರತಿ ಹಬ್ಬಕ್ಕೂ ನೀನು ವೈನ್ ತುಂಬಿಸಿ ಎತ್ತುತ್ತಿದ್ದ ಕೊಂಬನ್ನು, ಬಾಯಿ ಗೋಡೆಗೆ ತಿರುಗಿಸಿ ಮೊಳೆಗೆ ತೂಗುಹಾಕಿದೆ. ಮೇಜಿನಲ್ಲಿ ನಿನ್ನ ಹೆಸರು ಹಿಡಿದು ಯಾರೂ ಹಾರೈಸಬಾರದೆಂದು ನಿನ್ನ ಚಿಕ್ಕಪ್ಪ ವಾಲಿಕೊಗೂ ತಾಕೀತು ಮಾಡಿದೆ. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದ್ದರಿಂದ ಅಮ್ಮನ ಕಾಗದ ಬಂತೆಂದು ಈಗಲೇ ಕುಣಿಯಬೇಡ. ಕೂತುಕೋ. ಮೊದಲಿನಿಂದ ಕೊನೆಯವರೆಗೆ ಓದು, ನಡುವೆ ಹಾರಿಸಬೇಡ.

ನಮ್ಮೂರಿನ ಹಾಡುವ ಗಂಡಸರ ಗುಂಪು ಈ ಅಕ್ಟೋಬರಿನಲ್ಲಿ ಬಟುಮಿಗೆ ಹೊರಟಿದೆ. ಅಲ್ಲಿ ಸಮುದ್ರದ ದಂಡೆಯಲ್ಲಿ ಹಾಡಿನ ಮೇಳವಂತೆ. ಗುಂಪು ಎಂದರೆ ಅದೇ ಐವರು: ವಾಲಿಕೊ, ಜೇನು ಸಾಕುವ ಒಮರ್, ಗಿವಿ, ಗಿವಿಯ ತಮ್ಮ, ಮತ್ತು ಕೆಳಸ್ವರಕ್ಕೆ ಹೊಟ್ಟೆಯೇ ಪೀಪಾಯಿಯಾಗಿರುವ ಶೋತಾ. ಎಲ್ಲರಿಗೂ ಅರವತ್ತು ದಾಟಿದೆ, ಬುದ್ಧಿ ಹದಿನಾರಕ್ಕೇ ನಿಂತಿದೆ. ಮೇಳಕ್ಕೆ ಹಳೆಯ ಅಂಗಿಯಲ್ಲಿ ಹೋಗುವುದೇ, ಎದೆಯ ಮೇಲೆ ತೋಟಾ ಸಿಕ್ಕಿಸುವ ಗೂಡುಗಳಿರುವ ನಮ್ಮ ಉದ್ದನೆಯ ನಿಲುವಂಗಿಯನ್ನು ಐವರಿಗೂ ಒಂದೇ ಬಟ್ಟೆಯಲ್ಲಿ ಹೊಲಿಸಬೇಕು ಎಂದು ಹಟ ಹಿಡಿದರು. ದರ್ಜಿ ಹೇಳಿದ ಬೆಲೆಗೆ ಅವರಲ್ಲಿದ್ದದ್ದು ಸರಿಯಾಗಿ ಅರ್ಧ. ಉಳಿದರ್ಧ ಹುಟ್ಟಿಸುವ ಉಪಾಯ ವಾಲಿಕೊನ ತಲೆಯಲ್ಲಿ ಹುಟ್ಟಿತು. ಆ ತಲೆಯಲ್ಲಿ ಏನಾದರೂ ಹುಟ್ಟಿದಾಗಲೆಲ್ಲ ನಿಮ್ಮ ಅಪ್ಪ ಬೇಲಿ ಭದ್ರಪಡಿಸುತ್ತಿದ್ದರು.

ಕನ್ಯೆ ಮರಿಯಮ್ಮನ ಹಬ್ಬಕ್ಕೆ ಒಂದು ವಾರವಿತ್ತು. ನಾನು ಅಂಗಳದಲ್ಲಿ ಹಂಡೆ ಇಟ್ಟು ಪ್ಲಮ್ ಕುದಿಸುತ್ತಿದ್ದೆ. ಐವರೂ ಹಿಪ್ಪುನೇರಳೆ ಮರದ ಕೆಳಗಿನ ಮೇಜಿಗೆ ಬಂದು ಕೂತರು, ಮಧ್ಯದಲ್ಲಿ ರೊಟ್ಟಿಯಿಲ್ಲ, ವಾಲಿಕೊನ ಫೋನು. ಜೊತೆಗೆ ಒಂದು ಹೂಜಿ ವೈನ್, ಅದನ್ನು ಬಿಟ್ಟು ಅವರು ಬರುವುದಿಲ್ಲ. ಆ ಫೋನಿನಲ್ಲಿ ತಿರುಗುವ ಚಕ್ರ ಕಂಡದ್ದೇ ನನಗೆ ಮೈ ಉರಿಯಿತು. ಸೌಟು ಹಿಡಿದೇ ಹೋದೆ. "ಅತ್ತಿಗೆ, ಸೌಟು ಕೆಳಗಿಡಿ, ನಾವು ಆಡೋದಿಲ್ಲ" ಎಂದ ವಾಲಿಕೊ. "ಬರೀ ಹಾಕ್ತೀವಿ, ತೆಗೀತೀವಿ. ನಾವು ನೂರು ಹಾಕಿದ್ರೆ ಅವರು ಮೇಲೆ ನೂರು ಹಾಕ್ತಾರಂತೆ. ಮೊದಲ ಸಲ ಬಂದೋರಿಗೆ ಮರ್ಯಾದೆ. ಇನ್ನೂರು ಎತ್ಕೊಂಡು ನಮಸ್ಕಾರ ಹೇಳಿ ಎದ್ದುಬಿಡೋದು." ನಾನು, ಯಾವ ಕಟುಕ ಕುರಿಗೆ ಸುಮ್ಮನೆ ಉಪ್ಪು ನೆಕ್ಕಿಸುತ್ತಾನೋ ಮೂರ್ಖಾ ಎಂದೆ. ಅದಕ್ಕೆ ಶೋತಾ ಆ ಕೆಳಸ್ವರದಲ್ಲಿ ಹೇಳಿದ, "ಲಮಾರಾ ಅಕ್ಕಾ, ಮನೆಯವರೇ ಮೊದಲು ಲೋಟ ತುಂಬಿಸಿದಾಗ ಬೇಡ ಅಂದ್ರೆ ಅವಮಾನ ಅಲ್ವಾ?" ಇವರಿಗೆ ಕ್ಯಾಸಿನೊ ಕೂಡ ಒಂದು ಮನೆ, ಅದಕ್ಕೂ ಒಬ್ಬ ಯಜಮಾನ, ಅವನಿಗೂ ಅತಿಥಿ ಸತ್ಕಾರದ ಹುಚ್ಚು! ನಾನು ಬೆನ್ನು ತಿರುಗಿಸಿ ಹಂಡೆಯ ಹತ್ತಿರ ಹೋದೆ. ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟಿದ್ದೆ.

ಆ ಮನೆಗೆ ನಮ್ಮ ನೋಟು ಬೇಡವಂತೆ. ಅದಕ್ಕೆ ಹಿಂದಿನ ದಿನವೇ ಐವರೂ ಬಸ್ಸು ಹತ್ತಿ ತೆಲಾವಿಗೆ ಹೋಗಿ, ಸಂತೆಯ ಪಕ್ಕದ ಗೂಡಂಗಡಿಯಲ್ಲಿ ನೋಟು ಕೊಟ್ಟು, ಕಣ್ಣಿಗೆ ಕಾಣದ ಡಿಜಿಟಲ್ ಡಾಲರನ್ನು ಅವರವರ ಫೋನಿಗೆ ತುಂಬಿಸಿಕೊಂಡು ಬಂದಿದ್ದರು. ಪ್ರತಿಯೊಬ್ಬನ ಫೋನಿನಲ್ಲೂ ಒಂದೊಂದು ಥೈಲಿ. ಥೈಲಿಗೆ ಬೀಗದ ಬದಲು ಹನ್ನೆರಡು ಇಂಗ್ಲಿಷ್ ಪದ. ಆ ಪದ ಗೊತ್ತಿದ್ದವನೇ ಥೈಲಿಯ ಒಡೆಯ, ಮರೆತರೆ ದೇವರು ಬಂದರೂ ತೆಗೆಯಲಾರ. ಅಂಗಡಿಯವನು ಅದನ್ನು ಬರೆದು ಬಚ್ಚಿಡಿ ಎಂದು ಹೇಳಿದ್ದ. ನಮ್ಮವರು ಏನು ಮಾಡಿದರು ಎನ್ನುವುದನ್ನು ಆಮೇಲೆ ಹೇಳುತ್ತೇನೆ, ಈಗ ಹೇಳಿದರೆ ನೀನು ನಕ್ಕು ಕಾಗದ ಕೆಳಗಿಡುತ್ತೀಯ.

ಕ್ಯಾಸಿನೊದಲ್ಲಿ ವಾಲಿಕೊನ ಹೆಸರಿನಲ್ಲಿ ಒಂದು ಖಾತೆ ತೆರೆದರು. ಯಾವ ದೇಶ ಎಂದು ಕೇಳಿದ್ದಕ್ಕೆ ಪಟ್ಟಿಯಲ್ಲಿ ನಮ್ಮ ದೇಶವೇ ಇರಲಿಲ್ಲ. ವಾಲಿಕೊ ಇಟಲಿ ಒತ್ತಿದ. ಯಾಕೆಂದು ಗಿವಿ ಕೇಳಿದ. "ನಮ್ಮ ಹುಡುಗ ಅಲ್ಲೇ ಇದ್ದಾನಲ್ಲ" ಎಂದು ಹೇಳಿ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡ. ಆಮೇಲೆ ಜಮೆ ಮಾಡುವ ವಿಳಾಸ ಬಂತು. ಊರಿಲ್ಲ, ಬೀದಿಯಿಲ್ಲ, ಅಕ್ಷರವನ್ನೂ ಅಂಕಿಯನ್ನೂ ಕಲಸಿ ಎಸೆದಂಥ ಒಂದು ಉದ್ದನೆಯ ಸಾಲು. ಅದರ ಕೆಳಗೆ ಮೂರು ಎಚ್ಚರಿಕೆ. ಯಾವ ನಾಣ್ಯ, ಯಾವ ದಾರಿ ಎಂದು ಬರೆದಿದೆಯೋ ಅದರಲ್ಲೇ ಕಳಿಸಿ, ಬೇರೆ ದಾರಿಯಲ್ಲಿ ಕಳಿಸಿದ್ದು ದಾರಿಯಲ್ಲೇ ಹೋಗುತ್ತದೆ ಎನ್ನುವುದು ಮೊದಲನೆಯದು. ಒಮರ್ ಜೇನಿನವನು, ಯಾವ ಹುಳು ಯಾವ ಗೂಡಿಗೆ ಎಂದು ನೋಡಿ ಅಭ್ಯಾಸ, ಅದನ್ನು ಸರಿಯಾಗಿ ನೋಡಿಕೊಂಡ. ಮೊದಲು ಒಂದು ಡಾಲರ್ ಕಳಿಸಿ, ಮುಟ್ಟಿತೇ ನೋಡಿ, ಆಮೇಲೆ ಉಳಿದದ್ದು ಕಳಿಸಿ ಎನ್ನುವುದು ಎರಡನೆಯದು. ಅದನ್ನು ಓದಿ ಐವರೂ ಮುಖ ಸಿಂಡರಿಸಿದರು. "ಒಂದ್ ಡಾಲರಾ? ಯಾರದೋ ಮನೆ ಬಾಗಿಲಿಗೆ ಹೋಗಿ ಲೋಟದ ತಳ ಒದ್ದೆ ಮಾಡೋದಾ? ಮಾನ ಇಲ್ವಾ ನಮಗೆ!" ಖಾತೆ ಯಾರದೋ ಅವರ ಥೈಲಿಯಿಂದಲೇ ಬರಬೇಕು, ಬೇರೆಯವರ ಥೈಲಿಯಿಂದ ಬಂದರೆ ಒಪ್ಪುವುದಿಲ್ಲ ಎನ್ನುವುದು ಮೂರನೆಯದು. ಅದನ್ನು ಯಾರೂ ಓದಲೇ ಇಲ್ಲ. ಓದಿದ್ದರೂ ನಂಬುತ್ತಿರಲಿಲ್ಲ. ನಮ್ಮೂರಿನಲ್ಲಿ ಮದುವೆಯ ಬಾಗಿಲಲ್ಲಿ ಮುಯ್ಯಿ ಹಾಕುವಾಗ ಯಾರ ಜೇಬು ಎಂದು ಕೇಳಿದವರುಂಟೇ?

ಹಾಗೆಯೇ ಮಾಡಿದರು. ಒಬ್ಬೊಬ್ಬನೇ ಎದ್ದು ನಿಂತು ತನ್ನ ಫೋನಿನಿಂದ ವಾಲಿಕೊನ ಆ ಒಂದೇ ವಿಳಾಸಕ್ಕೆ ಕಳಿಸುವುದು, "ಜೇನಿನ ಒಮರ್‌ನಿಂದ!" ಎಂದು ಕೂಗುವುದು, ವಾಲಿಕೊ ಫೋನನ್ನು ತಲೆಯ ಮೇಲೆತ್ತಿ "ಒಮರ್‌ನ ಗೂಡು ತುಂಬಲಿ, ಹೆಂಡತಿಯ ಕೋಪ ಇಳಿಯಲಿ!" ಎಂದು ಹರಸುವುದು. ಕಳಿಸಿದ ಕೂಡಲೇ ಅದು ಖಾತೆಗೆ ಸೇರುವುದಿಲ್ಲ. ಆರು ಒಪ್ಪಿಗೆ ಬೀಳಬೇಕು. ಪರದೆಯ ಮೇಲೆ ಆರರಲ್ಲಿ ಒಂದು, ಆರರಲ್ಲಿ ಎರಡು ಎಂದು ಏರುತ್ತದೆ. ಒಪ್ಪಿಗೆ ಬಿದ್ದಾಗಲೆಲ್ಲ ಇವರದ್ದೂ ಒಂದೊಂದು ಲೋಟ. ಕೊನೆಯವನದು ಸೇರುವಷ್ಟರಲ್ಲಿ ಹೂಜಿ ಖಾಲಿ, ಶೋತಾ ಕಣ್ಣು ಮುಚ್ಚಿ ಹಾಡುತ್ತಿದ್ದ, ನನ್ನ ಪ್ಲಮ್ ತಳ ಹಿಡಿದಿತ್ತು.

ಆಗ ಬಂತು ಕೆಂಪು ಸಾಲು. ಖಾತೆ ತಡೆಹಿಡಿಯಲಾಗಿದೆ, ಸಹಾಯಕ್ಕೆ ಬರೆಯಿರಿ.

ಹಾಡು ನಿಂತಿತು. ಬಟ್ಟೆಯ ಅರ್ಧ ಹಣವೂ ಹೋಯಿತು ಎಂದು ಗಿವಿಯ ತಮ್ಮ ಟೋಪಿ ತೆಗೆದ, ಯಾರೋ ಸತ್ತ ಹಾಗೆ. ಸಹಾಯದ ಕಿಟಕಿಯಲ್ಲಿ ಗ್ರೇಸ್ ಎಂಬ ಹೆಂಗಸು ಬಂದು ನಮಸ್ಕಾರ, ಏನಾಗಬೇಕು ಎಂದು ರಷ್ಯನ್ ಭಾಷೆಯಲ್ಲಿ ಕೇಳಿದಳು. ನಮ್ಮ ವಾಲಿಕೊ ಯಾರನ್ನಾದರೂ ನೇರವಾಗಿ ವಿಷಯ ಕೇಳಿದ್ದುಂಟೇ? ಮೊದಲು ಹಾರೈಕೆ. "ಗೌರವಾನ್ವಿತ ಗ್ರೇಸ್, ನಿನ್ನನ್ನು ಹೆತ್ತವರು ನೂರು ಕೊಯ್ಲು ಕಾಣಲಿ. ನಿನ್ನ ಮನೆಯ ಹೊಸ್ತಿಲು ಅತಿಥಿಗಳ ಕಾಲಿಗೇ ಸವೆಯಲಿ, ಸಾಲಗಾರರ ಕಾಲಿಗಲ್ಲ" ಎಂದು ಒಂದೊಂದೇ ಅಕ್ಷರ ಒತ್ತುತ್ತಾ, ಬಾಯಲ್ಲಿ ಹೇಳುತ್ತಾ ಬರೆದ. ಈ ಹೊಸ್ತಿಲಿನ ಹಾರೈಕೆ ಈ ಭೂಮಿಯ ಮೇಲೆ ಅವನೊಬ್ಬನದೇ ಎಂದು ನಿನಗೆ ಗೊತ್ತು. ಆಮೇಲೆ ಉತ್ತರ ಬಂತು, ರಷ್ಯನ್‌ನಲ್ಲಿ ಅಲ್ಲ, ನಮ್ಮ ಭಾಷೆಯಲ್ಲಿ. ವಾಲಿಕೊ ಕನ್ನಡಕ ಏರಿಸಿ ಇಡೀ ಅಂಗಳಕ್ಕೆ ಕೇಳುವಂತೆ ಓದಿದ: "ವಾಲಿಕೊ ತಾತಾ, ನಾನು ತೆಕ್ಲೆ. ದಯವಿಟ್ಟು ಇದನ್ನ ಜೋರಾಗಿ ಓದಬೇಡಿ. ಅಜ್ಜಿ ಹತ್ತಿರದಲ್ಲಿ ಇದ್ದಾರಾ?"

ನಾನು ಹೋಗಿ ಫೋನು ಕಿತ್ತುಕೊಂಡು ಒಂದೇ ಪದ ಒತ್ತಿದೆ. "ಇದ್ದೇನೆ."

ಝಾಝಾ, ನಿನ್ನ ಮಗಳು ತ್ಬಿಲಿಸಿಯಲ್ಲಿ ಬ್ಯಾಂಕಿನ ಫೋನ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ ಎಂದು ನಾನು ಚರ್ಚಿನಲ್ಲಿ, ಸಂತೆಯಲ್ಲಿ, ಬಾವಿಯ ಹತ್ತಿರ ಹೇಳಿಕೊಂಡು ತಿರುಗಿದವಳು. ನನ್ನ ಮನೆಯ ಬೆನ್ನು ಮುರಿದ ವ್ಯಾಪಾರದ ಗಲ್ಲಾಪೆಟ್ಟಿಗೆಯ ಮುಂದೆ, ಗ್ರೇಸ್ ಎಂದು ಹೆಸರಿಟ್ಟುಕೊಂಡು, ನನ್ನ ಮೊಮ್ಮಗಳೇ ಕೂತಿದ್ದಾಳೆ! ಹಬ್ಬಕ್ಕೆ ಮನೆಗೆ ಬಾ ಎಂದು ಮಾತ್ರ ಬರೆದೆ. ಐವರು ಗಂಡಸರೂ ಒಬ್ಬರ ಹಿಂದೊಬ್ಬರು ಬೇಲಿ ದಾಟಿ ಮಾಯವಾದರು. ಹೂಜಿಯನ್ನು ಕೂಡ ಬಿಟ್ಟು ಹೋದರು. ಅದರಿಂದಲೇ ನನ್ನ ಮುಖ ಹೇಗಿತ್ತೆಂದು ಊಹಿಸಿಕೋ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ತೆಕ್ಲೆ ಬಂದಳು. ಸಣ್ಣಗಾಗಿದ್ದಾಳೆ, ಕೂದಲು ಕತ್ತರಿಸಿದ್ದಾಳೆ, ನೀನು ಬೈಯಬೇಡ, ನಾನು ಬೈದಾಗಿದೆ. ಅಡುಗೆಮನೆಯಲ್ಲಿ ಬದನೆಕಾಯಿ ಸೀಳಲು ಕೂರಿಸಿದೆ. ಕೈಯಲ್ಲಿ ಕೆಲಸವಿದ್ದಾಗ ಸುಳ್ಳು ಹೇಳುವುದು ಕಷ್ಟ. ಯಾಕೆ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು, "ಅಪ್ಪನ್ನ ಯಾವ ಹಗ್ಗ ಕಟ್ಟಿ ಹಾಕಿತ್ತು ಅಂತ ನೋಡಬೇಕಿತ್ತು ಅಜ್ಜೀ. ಹೊರಗಿಂದ ಗಂಟು ಕಾಣ್ತಿರಲಿಲ್ಲ." ಹಾಗಾದರೆ ಕಂಡಿತೇ ಎಂದೆ. ಕಂಡಿತು ಎಂದಳು. ನೋಟು ಕೊಡುವಾಗ ಕೈಗೆ ಗೊತ್ತಾಗುತ್ತದೆ, ತೊಗಲಿನ ಚೀಲ ಹಗುರಾಗುತ್ತದೆ. ಇಲ್ಲಿ ಹಣ ಮೊದಲು ಡಾಲರಾಗುತ್ತದೆ, ಡಾಲರು ಅಂಕಿಯಾಗುತ್ತದೆ, ಅಂಕಿ ಬಣ್ಣದ ಬಿಲ್ಲೆಯಾಗುತ್ತದೆ. ಕೊನೆಗೆ ಹೋಗುವಾಗ ಅದು ಹಣ ಎನ್ನುವುದೇ ಮರೆತಿರುತ್ತದೆ. ವಾಲಿಕೊ ಕುಣಿದ ಆ ಮರ್ಯಾದೆಯ ನೂರು ಕೂಡ ಹಾಗೆಯೇ. ಅದನ್ನು ನಲವತ್ತು ಸಲ ಆಟದಲ್ಲಿ ಉರುಳಿಸಿದ ಮೇಲೇ ಹೊರಗೆ ಬಿಡುತ್ತಾರಂತೆ, ಅಷ್ಟರಲ್ಲಿ ನಿನ್ನ ನೂರೂ ಅದರ ಹಿಂದೆ ಹೋಗಿರುತ್ತದೆ. ನಾನು ಹೇಳಿದ ಉಪ್ಪಿನ ಮಾತೇ ಸರಿಯಾಯಿತು. ಇದನ್ನು ಅವಳಿಂದಲೇ ವಾಲಿಕೊಗೆ ಎರಡು ಸಲ ಹೇಳಿಸಿದೆ.

ಹಾಗಾದರೆ ತಪ್ಪಿ ಕಳಿಸಿದರೆ ವಾಪಸು ಕೇಳಲು ಬರುವುದಿಲ್ಲವೇ, ಒಬ್ಬ ಮ್ಯಾನೇಜರ್ ಇರುವುದಿಲ್ಲವೇ ಎಂದು ಕೇಳಿದೆ. ನಕ್ಕಳು. ಈ ಹಣಕ್ಕೆ ಮ್ಯಾನೇಜರ್ ಇಲ್ಲ ಅಜ್ಜೀ ಎಂದಳು. ಒಬ್ಬ ಕಳಿಸಿದ್ದನ್ನು ಲೋಕದ ಮೂಲೆ ಮೂಲೆಯ ಯಂತ್ರಗಳು ನೋಡಿ, ಹೌದು, ಕೊಟ್ಟಿದ್ದು ನಿಜ ಎಂದು ಎಲ್ಲರಿಗೂ ಕಾಣುವ ಹಾಳೆಯಲ್ಲಿ ಬರೆದುಕೊಳ್ಳುತ್ತವೆ. ಅದರ ಮೇಲೆ ಇನ್ನೊಂದು ಹಾಳೆ, ಅದರ ಮೇಲೆ ಮತ್ತೊಂದು. ಆರು ಹಾಳೆ ಬಿದ್ದ ಮೇಲೆ ಕೆಳಗಿನದನ್ನು ಎಳೆದು ತೆಗೆಯಲು ಯಾರಿಂದಲೂ ಆಗುವುದಿಲ್ಲ, ಕಳಿಸಿದವನಿಂದಲೂ ಆಗುವುದಿಲ್ಲ. ಪಡೆದವನು ತಾನಾಗಿ ಹೊಸದಾಗಿ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟೇನಾ ಎಂದೆ ನಾನು. ಇದು ನಮ್ಮ ಹಬ್ಬದ ಮೇಜು. ಮೇಜಿನ ಹಿರಿಯ ಎದ್ದು ಒಬ್ಬರ ಹೆಸರು ಹಿಡಿದು ಹಾರೈಸುತ್ತಾನೆ, ಒಬ್ಬೊಬ್ಬರೇ ಗೌಮರ್ಜೋಸ್, ಗೆಲುವಾಗಲಿ, ಎಂದು ಲೋಟ ಖಾಲಿ ಮಾಡುತ್ತಾರೆ. ಎಲ್ಲರೂ ಕುಡಿದ ಮೇಲೆ ಆ ಹಾರೈಕೆಯನ್ನು ಹಿಂದೆ ತೆಗೆದುಕೊಂಡವನು ಈ ಕಣಿವೆಯಲ್ಲಿ ಹುಟ್ಟಿಲ್ಲ. ತೆಕ್ಲೆ ಬದನೆಕಾಯಿ ಬಿಟ್ಟು ನನ್ನನ್ನೇ ನೋಡಿದಳು. "ಅಜ್ಜೀ, ನಮಗೆ ಇದನ್ನ ಕಲಿಸೋಕೆ ಒಂದು ವಾರ ತರಬೇತಿ ಕೊಟ್ರು" ಎಂದಳು. ಹತ್ತನೇ ತರಗತಿಯವರೆಗೆ ಓದಿದವಳು ನಾನು, ಅದು ನೆನಪಿರಲಿ ಎಂದೆ.

ಇನ್ನು ಆ ಐವರ ಹಣದ ವಿಷಯ. ಬಂಧುಗಳ ಖಾತೆ ತಾನು ಮುಟ್ಟಬಾರದೆಂದು ಅವಳು ಆ ದಿನವೇ ತನ್ನ ಮೇಲಿನವರಿಗೆ ಹೇಳಿ ಬೇರೆಯವರ ಕೈಗೆ ಒಪ್ಪಿಸಿದ್ದಳು. ಆ ಮನೆ ನಮ್ಮ ದೇಶದವರನ್ನು ಸೇರಿಸುವುದೇ ಇಲ್ಲವಂತೆ. ಆದ್ದರಿಂದ ಖಾತೆ ಮುಚ್ಚಿ, ಬಂದ ಬಂದ ಥೈಲಿಗೇ ಹಣ ಹಿಂದಕ್ಕೆ ಕಳಿಸಲು ಒಪ್ಪಿದ್ದರು. ಅದಕ್ಕೆ ಮೊದಲು ತೆಕ್ಲೆ ಐವರನ್ನೂ ಕರೆಸಿ, ನಿಮ್ಮ ಹನ್ನೆರಡು ಪದದ ಚೀಟಿ ಎಲ್ಲಿದೆ ತೋರಿಸಿ ಎಂದಳು. ನಾಲ್ವರು ಜೇಬಿನಿಂದ ತೆಗೆದರು. ವಾಲಿಕೊ ಎದೆ ಉಬ್ಬಿಸಿ, "ಚೀಟಿ ಕಳೆದುಹೋಗುತ್ತೆ ಮಗಳೇ. ನನ್ನದು ನಮ್ಮೈವರ ಗಂಟಲಲ್ಲಿ ಭದ್ರವಾಗಿದೆ" ಎಂದ. ಐವರೂ ಹೆಗಲಿಗೆ ಹೆಗಲು ಕೊಟ್ಟು ನಿಂತರು. ತೆಲಾವಿಯಿಂದ ಬರುವ ಬಸ್ಸಿನಲ್ಲೇ ಕಟ್ಟಿದ್ದರಂತೆ. ಒಂದು ಪದಕ್ಕೂ ಅರ್ಥ ಗೊತ್ತಿಲ್ಲದ ಆ ಹನ್ನೆರಡು ಇಂಗ್ಲಿಷ್ ಪದಗಳನ್ನು ಎರಡು ಸ್ವರದಲ್ಲಿ, ಕೆಳಗೆ ಶೋತಾನ ಗುಂಯ್ ಎನ್ನುವ ನಾದ ಇಟ್ಟು, ಕೈಮುಗಿಯಬೇಕು ಎನ್ನಿಸುವಷ್ಟು ಚೆಂದವಾಗಿ ಹಾಡಿದರು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣು ಒದ್ದೆಯಾಯಿತು. ತೆಕ್ಲೆ ಮಾತ್ರ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಸಿದಳು. "ಅದು ಥೈಲಿಯ ಬೀಗದ ಕೈ ತಾತಾ! ಊರಿಗೇ ಕೇಳೋ ಹಾಗೆ ಹಾಡ್ತೀರಾ?" ಅಷ್ಟರಲ್ಲಿ ಬೇಲಿಯ ಆಚೆ ಒಮರ್‌ನ ಹೆಂಡತಿ ಬಟ್ಟೆ ಹಿಂಡುತ್ತಾ ಏಳನೆಯ ಪದದಿಂದ ಮುಂದಕ್ಕೆ ಗುನುಗುತ್ತಿದ್ದಳು.

ನಗಬೇಡ. ನಕ್ಕೆಯಾ? ನಗು. ನಾನೂ ನಕ್ಕೆ, ಒಳಗೆ ಹೋಗಿ.

ತೆಕ್ಲೆ ಆ ಥೈಲಿ ಬಿಟ್ಟು ವಾಲಿಕೊಗೆ ಹೊಸದೊಂದು ಮಾಡಿಕೊಟ್ಟಳು. ಅದರ ಹನ್ನೆರಡು ಪದ ನನ್ನ ಹತ್ತಿರ ಇವೆ. ಎಲ್ಲಿ ಎಂದು ನಿನಗೂ ಹೇಳುವುದಿಲ್ಲ, ಹಾಡಂತೂ ಕಟ್ಟಿಲ್ಲ. ವಾಲಿಕೊನ ಪಾಲನ್ನು ಆ ಹೊಸ ವಿಳಾಸಕ್ಕೆ ಕಳಿಸಿ ಎಂದು ಅಲ್ಲಿಗೆ ಬರೆಸಿದಳು. ಮಧ್ಯಾಹ್ನ ಐವರಿಗೂ ಮೊದಲು ಒಂದೊಂದು ಡಾಲರ್ ಬಂತು. "ನೋಡಿ ಅತ್ತಿಗೆ, ಭಿಕ್ಷೆ ಹಾಕ್ತಿದ್ದಾರೆ" ಎಂದು ವಾಲಿಕೊ ಕೊತಕೊತ ಕುದಿದ. ಸುಮ್ಮನೆ ಕೂತುಕೋ, ಅದು ಬಾಗಿಲು ತಟ್ಟಿ ನೋಡುವುದು ಎಂದೆ. ಅದು ಮುಟ್ಟಿತೆಂದು ತಿಳಿಸಿದ ಮೇಲೆ ಉಳಿದದ್ದೂ ಬಂತು, ದಾರಿ ಖರ್ಚು ಬಿಟ್ಟು ಎಲ್ಲವೂ. ತೆಕ್ಲೆ ಐವರನ್ನೂ ಕುರಿ ಹೊಡೆದಂತೆ ತೆಲಾವಿಗೆ ಹೊಡೆದುಕೊಂಡು ಹೋಗಿ ಎಲ್ಲವನ್ನೂ ನೋಟು ಮಾಡಿಸಿ, ನೇರ ದರ್ಜಿಯ ಮುಂದೆ ನಿಲ್ಲಿಸಿದಳು. ಉಳಿದರ್ಧ ಒಮರ್‌ನ ಜೇನಿನಲ್ಲಿ, ನನ್ನ ಪ್ಲಮ್ ಗೊಜ್ಜಿನಲ್ಲಿ ತೀರಿಸುವುದೆಂದು ಮಾತಾಯಿತು. ದರ್ಜಿಗೂ ನಾಲಿಗೆ ಇದೆ. ಶೋತಾನ ಹೊಟ್ಟೆಯ ಅಳತೆ ತೆಗೆಯಲು ಇಬ್ಬರು ಬೇಕಾದರಂತೆ.

ಆ ದಿನ ಸಂಜೆ ಬಳ್ಳಿಯ ಚಪ್ಪರದ ಕೆಳಗೆ ನಾವಿಬ್ಬರೇ ಕೂತಿದ್ದೆವು. ತೆಕ್ಲೆ ಇನ್ನೊಂದು ಮಾತು ಹೇಳಿದಳು. ಇನ್ನು ಸಾಕು, ನನ್ನನ್ನು ಬಿಡಿಸಿ ಎಂದು ಬರೆಯುವವರೂ ಇರುತ್ತಾರಂತೆ. ಅಂಥವರ ಬಾಗಿಲನ್ನು ಮತ್ತೆ ತೆರೆಯದಂತೆ ಮುಚ್ಚುವುದು ಅವಳಿಗೆ ಅಲ್ಲಿ ಇಷ್ಟವಾದ ಒಂದೇ ಕೆಲಸವಂತೆ. ಹೋದ ಚಳಿಗಾಲದಲ್ಲಿ ನೀನು ಅವಳಿಗೆ ಫೋನು ಮಾಡಿ, ಅದು ಹೇಗೆ ಮುಚ್ಚುವುದು ಹೇಳು ಎಂದು ಕೇಳಿದೆಯಂತೆ. ಇಬ್ಬರೂ ಫೋನು ಹಿಡಿದುಕೊಂಡು ಒಂದೊಂದೇ ಖಾತೆ ಮುಚ್ಚಿದಿರಂತೆ. ಕೊನೆಯದು ಮುಚ್ಚುವಾಗ ಎರಡು ಸಲ ನಾಳೆ ನೋಡೋಣ ಎಂದೆಯೆಂದೂ, ಆದರೂ ಒತ್ತಿದೆಯೆಂದೂ ಹೇಳಿದಳು. ಅಜ್ಜಿಗೆ ಹೇಳಬೇಡ ಎಂದು ಆಣೆ ಹಾಕಿಸಿದೆಯಂತೆ. ಯಾಕಂತೆ ಎಂದು ನಾನು ಅವಳನ್ನು ಕೇಳಿದೆ. "ಕೇಳಿ ಕರೆಸ್ಕೊಂಡ ಹಾಗೆ ಆಗಬಾರದು, ಕರೆದರೆ ಅವರಾಗೇ ಕರೀಬೇಕು ಅಂದ್ರು ಅಪ್ಪ." ಈ ಸೊಕ್ಕು ನಿಮ್ಮ ಅಪ್ಪನದಲ್ಲ. ಅವರು ಮೇಣದಂತೆ ಇದ್ದವರು. ಎಲ್ಲಿಂದ ಬಂತೆಂದು ಊರಿಗೆಲ್ಲ ಗೊತ್ತು.

ಹಬ್ಬದ ದಿನ ಚರ್ಚಿನಿಂದ ಬಂದು ಎಲ್ಲರೂ ನಮ್ಮ ಅಂಗಳದಲ್ಲಿ ಮೇಜಿಗೆ ಕೂತೆವು. ಐವರು ಗಂಡಸರು, ತೆಕ್ಲೆ, ನಾನು. ಕ್ಯಾಸಿನೊದವರಿಗೆ ನನ್ನ ಮೇಜಿನಲ್ಲಿ ಜಾಗವಿಲ್ಲ ಎಂದವಳು ನಾನೇ ಆದ್ದರಿಂದ ತೆಕ್ಲೆ ತಟ್ಟೆ ಹಿಡಿದು ನಿಂತೇ ಇದ್ದಳು. ಕೂತುಕೋ, ಕುದಿಸಿದ ಕುರಿ ಮಾಂಸ ತಣ್ಣಗಾದರೆ ಮ್ಯಾನೇಜರ್ ಬಂದು ಬಿಸಿ ಮಾಡುವುದಿಲ್ಲ ಎಂದೆ. ಕೂತಳು. ವಾಲಿಕೊ ಎಂದಿನಂತೆ ಹಿರಿಯನ ಜಾಗದಲ್ಲಿ ನಿಂತು ದೇವರಿಗೆ, ನೆಮ್ಮದಿಗೆ, ಹೋದವರಿಗೆ, ಮಕ್ಕಳಿಗೆ ಹಾರೈಸಿದ. ಆಮೇಲೆ ದೂರದಲ್ಲಿರುವವರ ಸರದಿ. ಮೂರು ವರ್ಷದಿಂದ ಅವನು ಇಲ್ಲಿ ಬೇಗ ಬೇಗ ದಾಟಿಬಿಡುತ್ತಿದ್ದ. ಈ ಸಲ ನಿಂತ. ಲೋಟ ಎತ್ತಿ, ನನ್ನ ಕಡೆ ನೋಡದೆ, ಮರದ ಕಡೆ ನೋಡಿ ಹೇಳಿದ: "ನಮ್ಮ ಝಾಝಾನಿಗೆ. ನಮ್ಮ ಹಾಡಿಗೆ ಮೇಲುಸ್ವರ ಇಲ್ಲದೆ ಮೂರು ವರ್ಷ ಆಯ್ತು. ಬೈಯೋರು ಆಮೇಲೆ ಬೈಕೊಳ್ಳಲಿ."

ಮೊದಲು ಶೋತಾ ಎದ್ದ. ಗೌಮರ್ಜೋಸ್ ಎಂದು ಖಾಲಿ ಮಾಡಿದ. ತೆಕ್ಲೆ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ, "ಆರರಲ್ಲಿ ಒಂದು" ಎಂದಳು. ಒಮರ್ ಎದ್ದ. ಗಿವಿ ಎದ್ದ. ಗಿವಿಯ ತಮ್ಮ ಟೋಪಿ ತೆಗೆದು ಎದ್ದ. ಐದನೆಯದಾಗಿ ತೆಕ್ಲೆ ತಾನೇ ಎದ್ದು, ಕಣ್ಣಲ್ಲಿ ನೀರು ತುಂಬಿಕೊಂಡು ನಿನ್ನ ಹೆಸರು ಹೇಳಿ ಕುಡಿದಳು. ಆಮೇಲೆ ಆರು ಜನರ ಹನ್ನೆರಡು ಕಣ್ಣು ನನ್ನ ಮೇಲೆ. "ಐದಾಯ್ತು ಅಜ್ಜೀ" ಎಂದಳು ನಿನ್ನ ಮಗಳು. "ಇನ್ನೂ ಖಾತೆಗೆ ಸೇರಿಲ್ಲ."

ನಾನು ಎದ್ದು ಒಳಗೆ ಹೋದೆ. ಮುಗಿಯಿತು ಕಥೆ ಎಂದು ವಾಲಿಕೊ ಪಿಸುಗುಟ್ಟಿದ್ದು ಕೇಳಿಸಿತು. ಗೋಡೆಯ ಮೊಳೆಯಿಂದ ಕೊಂಬು ತೆಗೆದೆ. ಮೂರು ವರ್ಷದ ಜೇಡರಬಲೆ, ಅದನ್ನು ಏಪ್ರನ್ನಿನ ಅಂಚಿನಿಂದಲ್ಲ, ಹಬ್ಬಕ್ಕೆ ಹಾಸಿದ ಹೊಸ ಟವಲಿನಿಂದಲೇ ಒರೆಸಿದೆ. ತೊಳೆದೆ. ಹೊರಗೆ ತಂದು, ಹೋದ ವರ್ಷ ನೀನಿಲ್ಲದೆ ಹಿಂಡಿದ ಕಪ್ಪು ದ್ರಾಕ್ಷಿಯ ವೈನನ್ನು ಅಂಚಿನವರೆಗೆ ತುಂಬಿಸಿದೆ. ಎಪ್ಪತ್ತೊಂದು ವರ್ಷದವಳು, ನಿಂತೇ ಕುಡಿದೆ, ಒಂದು ಹನಿ ಬಿಡಲಿಲ್ಲ. ಏನು ಹೇಳಿದೆ ಎಂದು ಬರೆಯುವುದಿಲ್ಲ. ಆರು ಜನ ಸಾಕ್ಷಿ ಇದ್ದಾರೆ, ಬಂದು ಕೇಳಿಕೋ.

ಆಮೇಲೆ ಅವರು ಹಾಡಿದರು. ಮೇಲುಸ್ವರದ ಜಾಗ ಬಂದಾಗ ಐವರೂ ಬಾಯಿ ಮುಚ್ಚಿ, ಅಷ್ಟು ಹೊತ್ತನ್ನು ನಿನಗೆಂದು ಖಾಲಿ ಬಿಟ್ಟು, ಮತ್ತೆ ಮುಂದುವರಿದರು. ತೆಕ್ಲೆ ನಾಳೆ ಹೊರಡುತ್ತಾಳೆ. ಆ ಕೆಲಸ ಬಿಡುತ್ತಾಳೋ ಬಿಡುವುದಿಲ್ಲವೋ ಅವಳೇ ನಿರ್ಧರಿಸಲಿ ಎಂದಿದ್ದೇನೆ. ಗಂಟು ಎಲ್ಲಿದೆ ಎಂದು ಬಲ್ಲವಳು ಒಬ್ಬಳಾದರೂ ಆ ಕಿಟಕಿಯಲ್ಲಿ ಇರುವುದು ಕೆಟ್ಟದ್ದಲ್ಲ. ಬಾವಿಯ ಹತ್ತಿರ ಮಾತ್ರ ಈಗಲೂ ಬ್ಯಾಂಕು ಎಂದೇ ಹೇಳುತ್ತೇನೆ.

ಎಲಿಸೊಗೆ ನನ್ನ ಆಶೀರ್ವಾದ. ಆ ಇಟಲಿಯ ಮುದುಕಿಗೂ ನಮಸ್ಕಾರ ಹೇಳು, ನನ್ನ ವಯಸ್ಸಿನವಳಂತೆ. ಕನ್ಯೆ ಮರಿಯಮ್ಮ ನಿಮ್ಮಿಬ್ಬರ ತಲೆ ಕಾಯಲಿ, ಬೆನ್ನನ್ನು ನೀನೇ ಕಾದುಕೋ.

ನಿನ್ನ ತಾಯಿ,
ಲಮಾರಾ

ಮರೆತ ಮಾತು: ಗೆಲಾ ಬೇಲಿಯ ಹೊರಗೆ ಹಾರ್ನ್ ಒತ್ತುತ್ತಿದ್ದಾನೆ, ಅವನಿಗೆ ತಾಳ್ಮೆ ಎಂಬುದಿಲ್ಲ. ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್ ಇಪ್ಪತ್ತಕ್ಕೆ. ಅದರ ಹಿಂದಿನ ವಾರ ಬಾರಿಯಿಂದ ಬರುವ ಅವನ ವ್ಯಾನಿನಲ್ಲಿ ಎರಡು ಸೀಟು ನಿಮಗೆಂದು ಹಿಡಿಸಿದ್ದೇನೆ, ಮುಂದಿನವು, ಎಲಿಸೊಗೆ ತಲೆ ಸುತ್ತುತ್ತದೆ. ತೆಕ್ಲೆ ಮಾತ್ರ, ಅಪ್ಪ ಮೊದಲು ಎರಡು ದಿನಕ್ಕೆ ಬಂದು ನೋಡಲಿ, ನಿಮ್ಮ ಕೋಪ ಇಳಿದಿದೆಯೋ ಗೊತ್ತಾಗುತ್ತದೆ, ಆಮೇಲೆ ಉಳಿದದ್ದು ಎನ್ನುತ್ತಾಳೆ. ಆ ಒಂದು ಡಾಲರಿನ ಬುದ್ಧಿ ಕ್ಯಾಸಿನೊದಲ್ಲಿ ಇರಲಿ. ಕೊಂಬಿಗೆ ತಳವಿಲ್ಲ, ಅರ್ಧ ತುಂಬಿಸಿ ಮೇಜಿನ ಮೇಲೆ ಇಡಲು ಬರುವುದಿಲ್ಲ. ಬರುವುದಾದರೆ ಪೂರ್ತಿ ಬಾ, ಪೆಟ್ಟಿಗೆ ಹಾಸಿಗೆ ಸಮೇತ. ಕಾಗದದ ಮೇಲ್ಗಡೆ ನಿನ್ನ ಹೆಸರಿನ ಹಿಂದೆ ಪ್ರೀತಿಯ ಎಂದು ಬರೆಯುವುದು ಬಿಟ್ಟುಹೋಗಿದೆ, ನೀನೇ ಸೇರಿಸಿ ಓದಿಕೋ. ಕೊಂಬು ಈಗ ಬಾಯಿ ಮೇಲಾಗಿ ತೂಗುತ್ತಿದೆ. ಒಳಗೆ ಧೂಳು ಬೀಳುವ ಮೊದಲು ಬಾ.